ಮಗನ ಕೈ ಸೋಕಿದ ಮೀನು

ಗಾಳದ ರೀಲು ರಿಪೇರಿ ಕೋಣೆ, ಬಂದರಿನ ಹಿಂದಿನ ಬೀದಿ
ಮಾರ್ಚ್ ೯, ಸೋಮವಾರ, ಬೆಳಿಗ್ಗೆ ಏಳೂವರೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಏಣಿ ಹತ್ತುವಾಗ ಕಟಕಟ ಅನ್ನುತ್ತೆ ಅಂತ ಹೋದ ಕಾರ್ಡಿನಲ್ಲಿ ನೀನು ಬರೆದಿದ್ದೆ. ದಿನವಿಡೀ ತೂಗುಹಲಗೆಯ ಮೇಲೆ ಕೂತು ಹಡಗಿನ ಪಕ್ಕೆಗೆ ಅಂಕೆ ಬರೆಯುವವನಿಗೆ ಮೊಣಕಾಲೇ ಕೈಕೊಟ್ಟರೆ ಹೇಗೆ? ನಗಬೇಡ, ಎಣ್ಣೆ ಹಚ್ಚಿಕೊಂಡು ತಿಕ್ಕಿಸಿಕೋ. ನಾನು ಚೆನ್ನಾಗಿದ್ದೇನೆ. ಅಪ್ಪನಿಗೆ ಎಪ್ಪತ್ತಾರು ತುಂಬಿತು. ಊಟ, ನಿದ್ದೆ, ಕೋಪ ಮೂರೂ ಹೊತ್ತುಹೊತ್ತಿಗೆ ಸರಿಯಾಗಿ ಆಗುತ್ತಿವೆ. ಕೈ ಮಾತ್ರ ಒಂದು ವರ್ಷದಿಂದ ನಡುಗುತ್ತಿದೆ, ಅದಕ್ಕೇ ದೋಣಿಗಳಿಗೆ ಹೆಸರು ಬರೆಯುವುದನ್ನು ನಿಲ್ಲಿಸಿದ್ದಾನೆ. ಬಣ್ಣ ಕಲಸುವುದನ್ನು ಬಿಟ್ಟಿಲ್ಲ. ಬೇರೆ ಯಾರಾದರೂ ಬರೆಯುತ್ತಿದ್ದರೆ ಅವರ ಬೆನ್ನ ಹಿಂದೆ ನಿಂತು ಕೊಂಬು ಸೊಟ್ಟ, ಒತ್ತು ಕುಳ್ಳ ಅಂತ ಗೊಣಗುತ್ತಾನೆ, ಅವರು ಕುಂಚ ಕೆಳಗಿಡುವವರೆಗೂ ಬಿಡುವುದಿಲ್ಲ. ಇದನ್ನು ನಿನಗೆ ಹೇಳಲೇಬೇಕು: ನಿನ್ನ ಕಾರ್ಡು ನನ್ನ ಮೇಜಿನ ಮೇಲೆ ಬಿದ್ದಿತ್ತು. ಅಪ್ಪ ಅದನ್ನು ಎತ್ತಿ, ಕನ್ನಡಕ ಹಾಕಿಕೊಂಡು, ಓದಲಿಲ್ಲ, ಬರೀ ಅಕ್ಷರ ನೋಡಿದ. "ಎಲ್ಲ ಒಳ್ಳೆಯದೇ" ಅಂತ ಬರೆದಿದ್ದೆಯಲ್ಲ, ಅಲ್ಲಿ ಬೆರಳಿಟ್ಟು "ಳ ಇನ್ನೂ ಕೈಯಲ್ಲಿದೆ" ಅಂದು ಇಟ್ಟು ಹೋದ. ಆ ಳ ನಿನಗೆ ತಿದ್ದಿಸಿದವನು ಅವನೇ ಅಲ್ಲವೇ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಗಾಳದ ಕ್ಲಬ್ಬಿಗೆ ಐವತ್ತು ವರ್ಷ ತುಂಬಿತು. ಹಳಬರೆಲ್ಲ ತಾವು ಹಿಡಿದ, ಹಿಡಿಯದ, ಹಿಡಿದೆವು ಅಂತ ಹೇಳಿಕೊಂಡು ಬಂದ ಈಟಿಮೂತಿಯ ದೊಡ್ಡ ಮಾರ್ಲಿನ್‌ಗಳ ನೆನಪನ್ನು ಪುಸ್ತಕ ಮಾಡುವುದು ಅಂತ ತೀರ್ಮಾನವಾಗಿದೆ. ಈಗ ನಾವು ಮೀನನ್ನು ಕೊಲ್ಲುವುದಿಲ್ಲ ಅಣ್ಣ. ಪಕ್ಕಕ್ಕೆ ತಂದು, ಉದ್ದ ಅಂದಾಜು ಮಾಡಿ, ಗಾಳ ಬಿಡಿಸಿ ಕಳಿಸುತ್ತೇವೆ. ಹಾಗಾಗಿ ದಡಕ್ಕೆ ಬರುವುದು ನೆನಪೊಂದೇ, ಅದಕ್ಕೆ ತಕ್ಕಡಿಯೂ ಇಲ್ಲ. ನಿವೃತ್ತ ಹೆಡ್ ಟೀಚರು ಪ್ರತಿ ಭಾನುವಾರ ಕ್ಲಬ್ಬಿನ ಹಾಲಿನಲ್ಲಿ ಚಹಾದ ಬಸಿಯ ಮೇಲೆ ಫೋನಿಟ್ಟು ಎಲ್ಲರ ಮಾತು ರೆಕಾರ್ಡು ಮಾಡಿಕೊಳ್ಳುತ್ತಾರೆ, ಆಮೇಲೆ ಬರೆದು ತಿದ್ದುತ್ತಾರೆ. ಹಲ್ಲಿನ ಡಾಕ್ಟರದ್ದು ಮೊದಲ ಸರದಿ. ನಾವು ಚಿಕ್ಕವರಿದ್ದಾಗ ಅವರ ಮೀನು ಮುನ್ನೂರು ಕಿಲೋ ಇತ್ತಲ್ಲ, ಈಗ ನಾನೂರ ಎಂಬತ್ತು ಆಗಿದೆ. ಸತ್ತ ಮೇಲೂ ಹೀಗೆ ಮೈ ಕೈ ತುಂಬಿಕೊಳ್ಳುವ ಮೀನು ನಮ್ಮ ಕ್ಲಬ್ಬಿನಲ್ಲಿ ಮಾತ್ರ ಇರುವುದು. ಅದು ಹಾರಿ ಬಿದ್ದಾಗ ಬಾಯೊಳಗೆಲ್ಲ ನೋಡಿದರಂತೆ, ಒಂದೂ ಹುಳುಕಿರಲಿಲ್ಲವಂತೆ. ಬೇಕರಿಯವನು ತನ್ನ ಮೀನಿನ ಕಣ್ಣು ಬನ್ನಿನಷ್ಟಿತ್ತು ಅಂದ. ಅವನಿಗೆ ಎಲ್ಲವೂ ಬನ್ನಿನಷ್ಟೇ ಇರುವುದು. ದೋಣಿಯ ಪಕ್ಕ ಬಂದ ಮೀನಿನ ಮೈಮೇಲೆ ಆ ನೀಲಿ ಹೊತ್ತಿಕೊಂಡು ಉರಿಯುತ್ತದಲ್ಲ, ಕೊಂದ ಮೇಲೆ ಅದು ತನ್ನ ಕಣ್ಣೆದುರೇ ಆರಿ ಬೂದಿಬಣ್ಣಕ್ಕೆ ತಿರುಗಿತಂತೆ. ಆವತ್ತಿನಿಂದ ಅವನು ಮತ್ತೆ ಗಾಳದ ಕೋಲು ಮುಟ್ಟಿಲ್ಲ. ಮೂವತ್ತು ವರ್ಷ ಪಕ್ಕದ ಬೀದಿಯಲ್ಲಿದ್ದು ಇದು ನನಗೆ ಗೊತ್ತೇ ಇರಲಿಲ್ಲ.

ನಿನ್ನೆಯದು ಬಿಟ್ಟು ಅದರ ಹಿಂದಿನ ಭಾನುವಾರ ಅಪ್ಪನ ಸರದಿ. ನಾನು ದೋಣಿಯಲ್ಲಿದ್ದೆ, ಹೋಗಿರಲಿಲ್ಲ. ಮಂಗಳವಾರ ಹೆಡ್ ಟೀಚರು ಅವನು ಹೇಳಿದ್ದನ್ನು ಅಚ್ಚು ಹಾಕಿಸಿಕೊಂಡು ಬಂದು, ಮೀನು ಹಿಡಿಯುವವರ ಪದಗಳು ಸರಿಯಾಗಿವೆಯೇ ನೋಡು ಅಂತ ನನ್ನ ಕೈಗೆ ಕೊಟ್ಟರು. ಅದರಲ್ಲಿ ಹೀಗಿತ್ತು: "ಐದು ಗಂಟೆ ಕುರ್ಚಿಯಲ್ಲಿ ಕೂತೆ. ಬಾಯಿಂದ ಒಂದು ಮಾತು ಹೊರಡಲಿಲ್ಲ. ಐನೂರ ಹನ್ನೆರಡು ಕಿಲೋ. ಕೊನೆಗೆ ಮಗ ಕೈ ಹಾಕಿ ಕೆಡಿಸಿದ." ಇದನ್ನು ಅಪ್ಪನ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ರೀಲಿನ ಯಾವುದೋ ತಿರುಪು ಬಿಗಿ ಮಾಡುತ್ತಾ ಕೂತಿದ್ದೇನೆ. ಬಾಯಿಮಾತು ಗಾಳಿಗೆ ಹೋಗುತ್ತದೆ, ಅಚ್ಚಾಗಿದ್ದು ಹೋಗುವುದಿಲ್ಲ. ಪುಸ್ತಕದ ಮುಖಪುಟಕ್ಕೆ ದೊಡ್ಡ ಮೀನುಗಳ ಲೆಕ್ಕ ಬರೆದ ಕ್ಲಬ್ಬಿನ ಫಲಕದ ಫೋಟೋ ಬೇರೆ ಹಾಕುತ್ತಾರೆ, ಈ ತಿಂಗಳ ಇಪ್ಪತ್ತೆಂಟಕ್ಕೆ ಫೋಟೋದವರು ಬರುತ್ತಾರೆ. ಆ ಕಾಗದವನ್ನು ನಾಲ್ಕು ಸಲ ಓದಿ ಮಡಚಿದೆ. ಇನ್ನು ಸುಮ್ಮನಿದ್ದರೆ ನಾನು ಮನುಷ್ಯಳಲ್ಲ ಅಂತ ತೀರ್ಮಾನ ಮಾಡಿದೆ. ಹೇಳುತ್ತೇನೆ, ಮೊದಲು ಅಪ್ಪನಿಗೆ, ಆಮೇಲೆ ಎಲ್ಲರೆದುರಿಗೆ, ಏನು ಬೇಕಾದರೂ ಆಗಲಿ.

ಹೇಳಿದೆ ಅಣ್ಣ. ನಿನ್ನೆ ಬಸಿಯ ಮೇಲಿನ ಫೋನಿಗೆ ಏನು ಹೇಳಿದೆನೋ ಅದನ್ನು ನಿನಗೂ ಹಾಗೇ ಒಪ್ಪಿಸುತ್ತೇನೆ. ನಿನಗೆ ಗೊತ್ತಿರುವುದೇ, ಆದರೂ ಓದು. ತಪ್ಪಿದ್ದರೆ ತಿದ್ದು, ನೀನೂ ಅಲ್ಲಿದ್ದೆಯಲ್ಲ.

ನನಗಾಗ ಹದಿನೇಳು, ನಿನಗೆ ಇಪ್ಪತ್ತೆರಡು. ಅಮ್ಮ ಒಂದೇ ಥಾನಿನ ಬಟ್ಟೆಯಲ್ಲಿ ನಮ್ಮಿಬ್ಬರಿಗೂ ನೀಲಿ ಅಂಗಿ ಹೊಲಿದಿದ್ದಳು, ಬಟ್ಟೆ ಉಳಿಯಿತು ಅಂತ ಕಿಟಕಿಗೂ ಅದೇ ನೀಲಿ. ಬೆಳಿಗ್ಗೆ ಹನ್ನೊಂದಕ್ಕೆ ಎಡಗಡೆಯ ಕೋಲು ಬಾಗಿತು. ಮೀನು ಮೊದಲ ಸಲ ಹಾರಿದಾಗ ನೀನು "ಅಯ್ಯೋ, ಇದು ಮೀನಲ್ಲ, ಬಾಗಿಲು" ಅಂದೆ. ಅಪ್ಪ ದೋಣಿಯ ಹಿಂಬದಿಯ ತಿರುಗುವ ಕುರ್ಚಿಯಲ್ಲಿ ಕೂತ, ನೀನು ಅವನ ಬೆನ್ನಿನ ಪಟ್ಟಿಯನ್ನು ರೀಲಿಗೆ ಬಿಗಿದೆ. ಚುಕ್ಕಾಣಿ ನನ್ನದು. ನೀನು ಕುರ್ಚಿಯ ಹಿಂದೆ ನಿಂತು ಮೀನು ಹೋದ ಕಡೆಗೆ ಕುರ್ಚಿ ತಿರುಗಿಸುತ್ತಿದ್ದೆ. ಕುರ್ಚಿ ಮುಟ್ಟಬಹುದು, ಕೂತವನ ಭುಜ ಹಿಡಿಯಬಹುದು, ಬಾಯಿಗೆ ನೀರು ಹಾಕಬಹುದು. ಕೋಲು ಮಾತ್ರ ಮುಟ್ಟುವ ಹಾಗಿಲ್ಲ. ಬೇರೆ ಕೈ ಸೋಕಿದ ಮೀನು ಲೆಕ್ಕಕ್ಕಿಲ್ಲ ಅನ್ನುವುದನ್ನು ನಾವು ಮಗ್ಗಿಗಿಂತ ಮೊದಲು ಕಲಿತಿದ್ದೆವು. ಎರಡನೆಯದನ್ನೂ ಕಲಿತಿದ್ದೆವು: ಮೀನು ದಾರದಲ್ಲಿರುವಾಗ ಚುಕ್ಕಾಣಿ ಬಿಟ್ಟವರು ಮತ್ತೆ ದೋಣಿ ಹತ್ತುವ ಹಾಗಿಲ್ಲ. ಮೊದಲನೆಯದು ಕ್ಲಬ್ಬಿನ ನಿಯಮ, ಎರಡನೆಯದು ಅಪ್ಪನದು.

ಐದನೆಯ ಗಂಟೆಯಲ್ಲಿ ಮೀನು ಹತ್ತಿರ ಬಂತು. ನೀನು ಚರ್ಮದ ಕೈಗವಸು ಹಾಕಿಕೊಂಡು, ದಾರದ ತುದಿ ಹಿಡಿಯಲು ಪಕ್ಕಕ್ಕೆ ಬಗ್ಗಿದೆ. ಅಷ್ಟರಲ್ಲಿ ಅದು ತಲೆ ಕೆಳಗೆ ಮಾಡಿ ದೋಣಿಯ ಅಡಿಗೇ ನುಗ್ಗಿತು. ಪಟ್ಟಿಯ ಒಂದು ಕಡೆಯ ಕೊಂಡಿ ಕಿತ್ತುಕೊಂಡಿತು, ಇನ್ನೊಂದು ಕಡೆ ಬಿಗಿಯಾಗೇ ಇತ್ತು. ಅಪ್ಪ ಕುರ್ಚಿಯಿಂದ ಎದ್ದುಬಿಟ್ಟ. ಎದ್ದ ಅಂದರೆ ಅವನಾಗಿ ಎದ್ದದ್ದಲ್ಲ, ಮೀನು ಎಬ್ಬಿಸಿತು. ಎದೆ ಹಿಂಬದಿಯ ಕಟ್ಟೆಯಿಂದ ಆಚೆ ಹೋಗಿತ್ತು. "ಹಿಡಿ" ಅಂತ ಕೇಳಿಸಿತು. ನಿಜವಾಗಿ ಅಪ್ಪ ಅಂದನೋ, ನನ್ನ ಕಿವಿಯೇ ಅಂದುಕೊಂಡಿತೋ, ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಚುಕ್ಕಾಣಿ ಬಿಟ್ಟೆ. ಮೂರು ಹೆಜ್ಜೆ. ಒಂದು ಕೈಯಲ್ಲಿ ಅವನ ಸೊಂಟಪಟ್ಟಿ ಹಿಡಿದು, ಇನ್ನೊಂದರಲ್ಲಿ ಕೋಲನ್ನು ಅದುಮಿ ಕೆಳಗೆ ಕೂರಿಸಿದೆ. ನಾಲ್ಕು ಉಸಿರಿನಷ್ಟು ಹೊತ್ತು ಅಷ್ಟೇ. ನೀನು ತಿರುಗಿ ಅವನ ಭುಜ ಹಿಡಿದೆ, ನಾನು ಚುಕ್ಕಾಣಿಗೆ ಓಡಿದೆ. ಕೋಲು ಹಿಡಿದವನು ಹಿಂದೆ ನೋಡಬಾರದು, ಅಪ್ಪ ನೋಡಲಿಲ್ಲ.

ದಡದಲ್ಲಿ ಮೀನನ್ನು ತೂಗುಹಾಕಿದಾಗ ಜನ ಸುತ್ತಿಕೊಂಡಿದ್ದರು. ತೂಕ ಹಾಕುವ ತಕ್ಕಡಿ ಮಾವ ಆವತ್ತು ಪಕ್ಕದ ದೋಣಿಯಲ್ಲಿದ್ದರು. ದೊಡ್ಡ ಮೀನಿನ ಹೋರಾಟವನ್ನು ಹತ್ತಿರದ ದೋಣಿಯವರು ದುರ್ಬೀನು ಹಾಕಿ ನೋಡಬೇಕು ಅನ್ನುವುದೂ ನಿಯಮವೇ. ಅವರು ಐನೂರ ಹನ್ನೆರಡು ಅಂತ ಕೂಗಿ, ಆಮೇಲೆ ದನಿ ತಗ್ಗಿಸಿ, "ನೀಲಿ ತೋಳಿನ ಕೈಯೊಂದು ಕೋಲು ಮುಟ್ಟಿದ್ದು ಕಂಡೆ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾನು ನನ್ನ ಅಂಗೈ ನೋಡಿಕೊಂಡೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಕುರ್ಚಿಯ ಹಿಂದೆ ಇದ್ದವನು ನೀನು, ಎಲ್ಲರೂ ನಿನ್ನನ್ನು ನೋಡಿದರು. ನೀನು ನನ್ನ ಅಂಗೈ ನೋಡಿದೆ, ಆಮೇಲೆ ಅಪ್ಪನ ಮುಖ ನೋಡಿ "ಹೌದು, ನಂದೇ" ಅಂದೆ. ಮನೆಯ ಮೆಟ್ಟಿಲಲ್ಲಿ ನನಗೆ ಹೇಳಿದ್ದು ನೆನಪಿದೆಯಾ? "ನೀನು ಚುಕ್ಕಾಣಿ ಬಿಟ್ಟೆ ಅಂತ ಗೊತ್ತಾದ್ರೆ ಅಪ್ಪ ನಿನ್ನನ್ನ ಮತ್ತೆ ದೋಣಿ ಹತ್ತಿಸಲ್ಲ. ನಂಗೇನು, ಒಂದು ವಾರ ಬೈತಾನೆ, ಆಮೇಲೆ ಮರೀತಾನೆ. ನೀನು ಬಾಯಿಗೆ ಬೀಗ ಹಾಕ್ಕೊ." ಆ ವಾರ ಇನ್ನೂ ಮುಗಿದಿಲ್ಲ. ಇಪ್ಪತ್ತೊಂದು ವರ್ಷದ ವಾರ.

ಅಪ್ಪ ಎಂಥವನು ಅಂತ ನಿನಗೆ ಬೇರೆ ಹೇಳಬೇಕೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆ ಸಾಲು ಖಾಲಿ ಬಿಡೋಣ ಅಂತ ತಕ್ಕಡಿ ಮಾವ ಎಷ್ಟು ಹೇಳಿದರೂ ಕೇಳದೆ, ಕ್ಲಬ್ಬಿನ ಫಲಕದ ಮೇಲೆ ತಾನೇ ಬರೆದ. ಕರಿಹಲಗೆ, ಹಳದಿ ಅಕ್ಷರ. "ಮಾರ್ಲಿನ್, ೫೧೨ ಕಿಲೋ. ಮಗನ ಕೈ ಸೋಕಿದ್ದು. ಲೆಕ್ಕಕ್ಕಿಲ್ಲ." ಅವನು ಬರೆದು ಮುಗಿಸುವವರೆಗೂ ಬಣ್ಣದ ಡಬ್ಬಿ ಹಿಡಿದು ನಿಂತವನು ನೀನು. ನಾನು ಬಾಗಿಲಲ್ಲಿದ್ದೆ. ಆಮೇಲೆ ಅವನು ಆ ಮಾತಂದ: "ಬೇರೆಯವರ ಬೆವರಿಗೆ ಕೈ ಹಾಕೋನು ನನ್ನ ದೋಣಿ ಹತ್ತಬಾರದು." ಮೂರು ವಾರಕ್ಕೆ ನೀನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಅಮ್ಮ ಹೋದಾಗ ಬಂದವನು ಕಡೆಯ ಸಾಲಿನಲ್ಲಿ ನಿಂತು, ಅಪ್ಪನ ಹತ್ತಿರ ಮಾತಾಡದೆ, ಅವನೂ ಆಡಿಸದೆ, ಮರುದಿನವೇ ವಾಪಸ್ಸು ಹೋದೆ. ಅಕ್ಷರ ಬರೆಯುತ್ತಿದ್ದವನು ಈಗ ಬರೀ ಅಂಕೆ ಬರೆಯುತ್ತೀಯ.

ಈ ಇಪ್ಪತ್ತೊಂದು ವರ್ಷ ನಾನೇನು ಮಾಡಿದೆ? ದೋಣಿ ಓಡಿಸಿದೆ. ಅಪ್ಪನ ದೋಣಿ ನನ್ನದಾಯಿತು, ಕ್ಯಾಪ್ಟನ್ ಅನ್ನಿಸಿಕೊಂಡೆ. ಬಂದರಿನ ಎಲ್ಲ ದೋಣಿಗಳಿಗೂ ಹೆಸರು ಬರೆದವನ ದೋಣಿಗೆ ಇವತ್ತಿಗೂ ಹೆಸರಿಲ್ಲ, ನಾಳೆ ಬರೀತೀನಿ ಅನ್ನುತ್ತಲೇ ಬಂದ. ಹೊರಗಿನಿಂದ ಗಾಳ ಹಾಕಲು ಬರುವವರಿಗೆ ಜನ ನನ್ನನ್ನು ತೋರಿಸಿ "ಕಣ್ಣು ಮುಚ್ಚಿಕೊಂಡು ಆ ಹೆಂಗಸಿನ ದೋಣಿ ಹತ್ತಿ, ಆಕಾಶ ಬಿದ್ದರೂ ಚುಕ್ಕಾಣಿ ಬಿಡುವವಳಲ್ಲ" ಅನ್ನುತ್ತಾರೆ. ಅದನ್ನು ಕೇಳಿದಾಗಲೆಲ್ಲ ನಾನು ನಕ್ಕಿದ್ದೇನೆ. ನಿನ್ನ ಜಾಗದಲ್ಲಿ ನಿಂತು ನಕ್ಕಿದ್ದೇನೆ. ಹೆದರಿಕೆ ಅಂತ ಹೇಳಿ ತಪ್ಪಿಸಿಕೊಳ್ಳಲಾರೆ. ಮೊದಲ ವರ್ಷ ಹೆದರಿಕೆ ಇತ್ತು, ನಿಜ. ಆಮೇಲಿನದೆಲ್ಲ ನನಗೆ ಆ ದೋಣಿ ಬೇಕಾಗಿತ್ತು, ಅಷ್ಟೇ. ನೀನು ಕೊಟ್ಟದ್ದನ್ನು ವಾಪಸ್ಸು ಕೊಡಲು ನನಗೆ ಮನಸ್ಸು ಬರಲಿಲ್ಲ.

ಗುರುವಾರ ಬೆಳಿಗ್ಗೆ ಅಪ್ಪ ಈ ಕೋಣೆಯಲ್ಲೇ ಹಸಿರು ಬಣ್ಣ ಕಲಸುತ್ತಾ ಕೂತಿದ್ದ. ಎದುರಿಗೆ ಹೋಗಿ ನಿಂತೆ. ಪೀಠಿಕೆ ಹಾಕಿದರೆ ಧೈರ್ಯ ಸೋರಿಹೋಗುತ್ತದೆ ಅಂತ ಒಂದೇ ಉಸಿರಿಗೆ ಹೇಳಿದೆ: ಅಪ್ಪ, ಕೋಲು ಮುಟ್ಟಿದ್ದು ನಾನು, ಅಣ್ಣ ಅಲ್ಲ. ಅವನು ಕಡ್ಡಿ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಕಿವಿ ಮಂದವಾಗಿದೆ, ಕೇಳಿಸಲಿಲ್ಲವೇನೋ ಅಂದುಕೊಂಡು ಜೋರಾಗಿ ಇನ್ನೊಮ್ಮೆ ಹೇಳಿದೆ. ಬೀದಿಯಲ್ಲಿ ಬಲೆ ಹೊಲಿಯುತ್ತಿದ್ದವರೂ ತಲೆಯೆತ್ತಿದರು. ಆಗ ಕೇಳಿದ, "ಚುಕ್ಕಾಣಿ ಯಾರ ಕೈಲಿತ್ತು?" ಯಾರ ಕೈಲೂ ಇರಲಿಲ್ಲ ಅಂದೆ. ಡಬ್ಬಿಗೆ ಮುಚ್ಚಳ ಹಾಕಿ, ಅಂಗೈಯಿಂದ ಸುತ್ತಲೂ ಗುದ್ದಿ ಕೂರಿಸಿ, ಎದ್ದು ಹೋದ. ಮೂರು ದಿನ ನನ್ನ ಹತ್ತಿರ ಮಾತಿಲ್ಲ. ಉಪ್ಪು ಬೇಕಾದರೆ ಉಪ್ಪಿನ ಡಬ್ಬಿಯನ್ನೇ ನೋಡುತ್ತಾ ಕೂರುತ್ತಿದ್ದ. ಶುಕ್ರವಾರ ದೋಣಿಯ ಬೀಗದ ಕೈಯನ್ನು ಅವನ ತಟ್ಟೆಯ ಪಕ್ಕ ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ, ನಾನೂ ತೆಗೆದುಕೊಳ್ಳಲಿಲ್ಲ. ಆವತ್ತಿನಿಂದ ದೋಣಿ ಕಟ್ಟಿದ ಕಡೆಯೇ ಇದೆ.

ನಿನ್ನೆ ಅಪ್ಪ ಕ್ಲಬ್ಬಿಗೆ ಬಂದೇ ಬಂದ. ಹಾಲಿನ ಕಡೆಯ ಬೆಂಚಿನಲ್ಲಿ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ, ನಡುಕ ಯಾರಿಗೂ ಕಾಣದಿರಲಿ ಅಂತ. ನಾನು ಎದ್ದು ಹೋಗಿ ಬಸಿಯ ಮುಂದೆ ಕೂತು, ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಚುಕ್ಕಾಣಿ ಬಿಟ್ಟೆ ಅನ್ನುವುದನ್ನು ಎರಡು ಸಲ ಹೇಳಿದೆ, ನಾಳೆ ಯಾರಾದರೂ ನನ್ನ ದೋಣಿ ಹತ್ತುವುದಿದ್ದರೆ ತಿಳಿದೇ ಹತ್ತಲಿ ಅಂತ. ಹಲ್ಲಿನ ಡಾಕ್ಟರು ಬಾಯಿ ತೆರೆದವರು ಮುಚ್ಚಲಿಲ್ಲ. ತಕ್ಕಡಿ ಮಾವ ನಿಧಾನವಾಗಿ, "ನಾನು ತೋಳು ಕಂಡೆ, ಮುಖ ಕಾಣಲಿಲ್ಲ. ಮಗನೇ ಇರಬೇಕು ಅಂದ್ಕೊಂಡೆ. ತೂಕ ಹಾಕೋನು ಅಂದ್ಕೋಬಾರದಿತ್ತು" ಅಂದರು. ಪಾಪ, ಅವರ ಕಣ್ಣು ತುಂಬಿತ್ತು. ನಾನು ಮಾತು ಮುಗಿಸಿ ತಿರುಗಿ ನೋಡಿದರೆ ಕಡೆಯ ಬೆಂಚು ಖಾಲಿ. ಅಪ್ಪ ಯಾವಾಗ ಎದ್ದುಹೋದನೋ ಯಾರಿಗೂ ಗೊತ್ತಿಲ್ಲ. ಮನೆಗೆ ಬಂದರೆ ಅವನ ಕೋಣೆಯ ಬಾಗಿಲು ಹಾಕಿತ್ತು. ಇವತ್ತು ನಾನು ಏಳುವ ಹೊತ್ತಿಗೆ ಹಾಸಿಗೆ ಮಡಚಿಟ್ಟು ಎಲ್ಲಿಗೋ ಹೋಗಿದ್ದಾನೆ. ಬೀಗದ ಕೈಯೂ ಮೇಜಿನ ಮೇಲಿಲ್ಲ.

ಹೋಗಲಿ ಬಿಡು. ದೋಣಿ ಹೋದರೆ ರೀಲು ರಿಪೇರಿ ಮಾಡಿಕೊಂಡು ಬದುಕುತ್ತೇನೆ, ಕೈಯಲ್ಲಿ ಕಸುಬಿದೆ. ಅಪ್ಪ ಇನ್ನೂ ಮೂರು ವರ್ಷ ಮುಖ ಊದಿಸಿಕೊಂಡರೂ ಎದುರಿಗೆ ಕೂತೇ ಊಟ ಮಾಡುತ್ತೇನೆ. ಹೇಳಿದ್ದನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಫಲಕದ ಆ ಸಾಲು ತಿದ್ದುವವರೆಗೂ ಕ್ಲಬ್ಬಿನವರನ್ನು ಕೂರಲೂ ಬಿಡುವುದಿಲ್ಲ, ನಿಲ್ಲಲೂ ಬಿಡುವುದಿಲ್ಲ. ಪುಸ್ತಕದಲ್ಲಿ ನಿನ್ನ ಹೆಸರಿಗೆ ಮಸಿ ಹತ್ತಲು ಬಿಡುವುದಿಲ್ಲ. ನಿನ್ನಲ್ಲಿ ಕ್ಷಮೆ ಕೇಳಲು ಈ ಕಾಗದ ಸಾಲದು, ಗೊತ್ತಿದೆ. ನೀನು ಸಿಟ್ಟು ಮಾಡಿಕೊಂಡು ಒಂದು ಕಾಗದ ಬರೆದರೆ ನನಗೆ ಸಮಾಧಾನ. ಇಷ್ಟು ವರ್ಷ "ಎಲ್ಲ ಒಳ್ಳೆಯದೇ" ಅಂತ ಬರೆದು ಬರೆದು ನನ್ನನ್ನು ಸಾಯಿಸಿದ್ದೀಯ.

ಅತ್ತಿಗೆಗೆ ನನ್ನ ನೆನಪು ಹೇಳು, ಅವರು ಕಳಿಸಿದ ಉಣ್ಣೆ ಟೋಪಿಯನ್ನು ಅಪ್ಪ ಯಾರು ಕಳಿಸಿದ್ದು ಅಂತ ಕೇಳದೆ ದಿನಾ ಹಾಕಿಕೊಳ್ಳುತ್ತಾನೆ. ನಿನಗೆ ಆಯಸ್ಸು, ಆರೋಗ್ಯ ಎರಡೂ ಗಟ್ಟಿಯಾಗಿರಲಿ. ಮೊಣಕಾಲಿಗೆ ಎಣ್ಣೆ ಮರೆಯಬೇಡ.

ನಿನ್ನ ತಂಗಿ,
ಮೆಣಸಿನಕಾಯಿ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಹರಿದಿದ್ದೇನೆ. ತಕ್ಕಡಿ ಮಾವ ಏದುಸಿರು ಬಿಡುತ್ತಾ ಬಂದು "ನಿಮ್ಮಪ್ಪ ಏಣಿ ಹತ್ತಿದಾನೆ, ಬೇಗ ಬಾ" ಅಂದರು. ಓಡಿದೆ. ಅಪ್ಪ ಕ್ಲಬ್ಬಿನ ಫಲಕದ ಮುಂದೆ ಏಣಿಯ ಮೇಲಿದ್ದ, ಕೈಯಲ್ಲಿ ಹೆರೆಯುವ ಉಳಿ. "ಮಗನ" ಅನ್ನುವುದರಲ್ಲಿ ಕೊನೆಯ ಅಕ್ಷರವೊಂದನ್ನು ಹೆರೆದು ತೆಗೆದಿದ್ದ. "ಒಂದೇ ಅಕ್ಷರ ತಪ್ಪಿತ್ತು. ಮೀನು ಲೆಕ್ಕಕ್ಕಿಲ್ಲ ಅನ್ನೋದು ಸರಿಯಾಗೇ ಇದೆ" ಅಂದ. ಕುಂಚ ಕೊಡು, ಳ ನಾನೇ ಬರೆಯುತ್ತೇನೆ ಅಂದೆ. "ನಿನ್ನ ಳ ನಂಗೊತ್ತು, ಹೊಟ್ಟೆ ಬಂದ ಸಾಹುಕಾರನ ಥರ ಇರುತ್ತೆ. ನನ್ನ ಕೈ ಇನ್ನು ಆಗಲ್ಲ. ಬರೆಯೋನು ಬರಲಿ" ಅಂದ. ಕೆಳಗಿಳಿದು ದೋಣಿಯ ಬೀಗದ ಕೈ ನನ್ನ ಕೈಗೆ ಹಾಕಿ, ಅಲ್ಲೇ ನಿಂತಿದ್ದ ಹೆಡ್ ಟೀಚರ ಕಡೆ ತಿರುಗಿ, "ಹಿಡಿ ಅಂತ ಕೂಗಿದ್ದು ನಾನೇ. ಹೆದರಿದ್ದೆ. ಅದನ್ನೂ ಬರ್ಕೊಳ್ಳಿ" ಅಂದ. ಅಣ್ಣ, ಫಲಕದಲ್ಲಿ ಆ ಜಾಗದಲ್ಲಿ ಈಗ "ಮಗ" ಅಂತಷ್ಟೇ ಇದೆ, ಪಕ್ಕದಲ್ಲಿ ಒಂದು ಅಕ್ಷರ ಹಿಡಿಸುವಷ್ಟು ಖಾಲಿ. ಇಪ್ಪತ್ತೆಂಟರೊಳಗೆ ನಿನ್ನ ಕುಂಚ ತೆಗೆದುಕೊಂಡು ಬಾ. ಹಳದಿ ಬಣ್ಣ ಅಪ್ಪನೇ ಕಲಸಿಟ್ಟಿದ್ದಾನೆ, ಮುಚ್ಚಿಟ್ಟರೂ ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಅಂತ ನಿನಗೆ ಬರೆಯಲು ಹೇಳಿದ.